ಶುಗರ್ ಬಾರ್ಡರ್‌ಲೈನ್ ಬಂದಿದೆ, ರಾತ್ರಿ ಅಡುಗೆ ಮನೇಲೇ ಶುರು ಮಾಡ್ಬೇಕು, ಅನುಭವ ಇರೋರು ಹೇಳಿ

ವೈಟ್‌ಫೀಲ್ಡ್ ಬಾಡಿಗೆಮನೆ:
ನಮಸ್ಕಾರ. ನಾನು, ಹೆಂಡ್ತಿ ಇಬ್ರೂ ಕೆಲಸಕ್ಕೆ ಹೋಗೋರು. ಬೆಳಿಗ್ಗೆ ದರ್ಶಿನಿ, ಮಧ್ಯಾಹ್ನ ಆಫೀಸ್ ಕ್ಯಾಂಟೀನ್, ರಾತ್ರಿ ಆನ್‌ಲೈನ್ ಆರ್ಡರ್. ಆಫೀಸ್ ಚೆಕಪ್‌ನಲ್ಲಿ ನನಗೆ ಎಚ್‌ಬಿಎ1ಸಿ (ಎರಡ್ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ಟೆಸ್ಟು) 6.1 ಬಂದಿದೆ, ಡಾಕ್ಟ್ರು ಮಾತ್ರೆ ಸದ್ಯಕ್ಕೆ ಬೇಡ, ಮೂರು ತಿಂಗಳು ಮನೆ ಊಟ ಮಾಡಿ, ದಿನಾ ನಡೀರಿ, ಆಮೇಲೆ ನೋಡೋಣ ಅಂದ್ರು. ಮನೆ ಸೇರೋದು ಎಂಟೂವರೆ. ಎರಡು ಬರ್ನರ್ ಸ್ಟವ್, ಮೂರು ಲೀಟರ್ ಕುಕ್ಕರ್, ಮಿಕ್ಸಿ ಇದೆ. ಅಡುಗೆಯವ್ರನ್ನ ಇಟ್ಕೊಳ್ಳೋದಾ ನಾವೇ ಮಾಡ್ಕೊಳ್ಳೋದಾ? ಅರ್ಧ ಗಂಟೇಲಿ ಆಗೋದು ಏನಿದೆ? ಅನ್ನ ಪೂರ್ತಿ ಬಿಡ್ಬೇಕಾ?

ವಿಜಯನಗರ ಅಕ್ಕ:
ಅಡುಗೆಯವ್ರ ವಿಷ್ಯ ನನ್ನ ಕೇಳಿ, ಕೂತ್ಕೊಳ್ಳಿ ಹೇಳ್ತೀನಿ. ಮೊದಲನೇಯಾಕೆಗೆ ಒಂದ್ಹೊತ್ತಿಗೆ 5,500. ಅದು ಬರೀ ಸಂಬಳ. ತಿಂಗಳಿಗೆ ಎರಡು ಲೀಟರ್ ಎಣ್ಣೆ ಸಾಕಾಗ್ತಿದ್ದ ಮನೇಲಿ ಐದು ಲೀಟರ್ ಕ್ಯಾನ್ ಖಾಲಿ, ಬೆಂಡೆಕಾಯಿ ಪಲ್ಯ ಬಡಿಸಿದ್ರೆ ಎಣ್ಣೆ ತಟ್ಟೆ ಅಂಚಿಗೆ ಹರ್ಕೊಂಡು ಬರೋದು. ಕಮ್ಮಿ ಹಾಕಮ್ಮಾ ಅಂದ್ರೆ "ರುಚಿ ಬರಲ್ಲ ಮೇಡಂ, ಆಮೇಲೆ ನನ್ನೇ ಬೈತೀರ". ನಾನೇ ಸಣ್ಣ ಬಾಟ್ಲಿಗೆ ಅಳೆದಿಟ್ಟೆ, ಅವಮಾನ ಆಯ್ತು ಅಂತ ಬಿಟ್ಟೋದ್ಳು, ಕೊಟ್ಟಿದ್ದ ಅಡ್ವಾನ್ಸ್ 3,000 ಅದ್ರ ಜೊತೆಗೇ ಹೋಯ್ತು. ಎರಡನೇಯವ್ರು ಒಳ್ಳೆಯವ್ರೇ, ಆದ್ರೆ ಅವ್ರಿಗೆ ಬರ್ತಿದ್ದಿದ್ದು ಈರುಳ್ಳಿ ಟೊಮ್ಯಾಟೋ ಹುರ್ದು ರುಬ್ಬಿದ ಒಂದೇ ಮಸಾಲೆ, ಅದಕ್ಕೆ ಸೋಮವಾರ ಆಲೂಗಡ್ಡೆ, ಮಂಗಳವಾರ ಬಟಾಣಿ, ಬುಧವಾರ ಪನೀರ್. ಸೊಪ್ಪು ತಂದಿಟ್ರೆ ಬಿಡಿಸೋಕೆ ಟೈಮಿಲ್ಲ, ಇನ್ನೂ ನಾಲ್ಕು ಮನೆ ಇದೆ ಅಂತಾರೆ, ಅವ್ರು ಹೇಳೋದೂ ಸರೀನೇ. ಫ್ರಿಜ್ಜಲ್ಲಿ ದಂಟಿನ ಸೊಪ್ಪು ಕೊಳೀತಾ ಇರೋದು, ನಾವು ಪನೀರ್ ತಿಂತಾ ಇರೋದು. ದುಡ್ಡು ಕೊಡ್ಬೇಕಿರೋದು ಒಲೆ ಮುಂದೆ ನಿಲ್ಲೋರಿಗಲ್ಲ ರೀ, ಸೊಪ್ಪು ಬಿಡಿಸಿ ತರಕಾರಿ ಹೆಚ್ಚಿಡೋರಿಗೆ. ಈಗ ಪಾತ್ರೆ ತೊಳೆಯೋಕೆ ಬರೋರಿಗೇ 1,500 ಜಾಸ್ತಿ ಕೊಟ್ಟು ಅದನ್ನ ಮಾಡಿಸ್ತೀನಿ, ಬಿಡಿಸಿದ ಸೊಪ್ಪು ತೊಳೀದೆ ಹಳೇ ಪಂಚೆ ಬಟ್ಟೇಲಿ ಸುತ್ತಿ ಡಬ್ಬಿಗೆ. ರಾತ್ರಿ ಬಂದು ಹೆಸರುಬೇಳೆ, ಸೊಪ್ಪು, ಟೊಮ್ಯಾಟೋ, ಹಸಿಮೆಣಸಿನಕಾಯಿ, ಅರಿಶಿನ ಎಲ್ಲಾ ಒಟ್ಟಿಗೆ ಕುಕ್ಕರ್‌ಗೆ, ಮೂರು ವಿಷಲ್, ಒಂದು ಚಮಚ ಎಣ್ಣೇಲಿ ಇಂಗು ಬೆಳ್ಳುಳ್ಳಿ ಒಗ್ಗರಣೆ. ಮುಗೀತು.

ಸಿರಿಧಾನ್ಯ ಬಸವನಗುಡಿ:
ಅನ್ನ ಪೂರ್ತಿ ಬಿಡಿ ಸಾರ್, ಯೋಚ್ನೇನೇ ಮಾಡ್ಬೇಡಿ. 2023ನ್ನ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡಿ ಎಲ್ರೂ ಕುಣಿದ್ರಲ್ಲ, ಅದಕ್ಕೂ ಎಷ್ಟೋ ಮುಂಚೆ ಶುರು ಮಾಡಿದೋನು ನಾನು, ಆಗ ಗಾಂಧಿಬಜಾರಲ್ಲಿ ಕೊರಲೆ ಅಂದ್ರೆ ಅಂಗಡಿಯವ್ನೇ ಏನ್ಸಾರ್ ಅದು ಅಂತಿದ್ದ. ನವಣೆ, ಸಾಮೆ, ಊದಲು, ಹಾರಕ, ಕೊರಲೆ ಸರದಿ ಪ್ರಕಾರ. ರಾತ್ರಿನೇ ನೆನೆಹಾಕ್ಬೇಕು, ಬೆಳಿಗ್ಗೆ ನೆನೆಹಾಕಿ ಆಫೀಸಿಗೆ ಹೋದ್ರೂ ನಡಿಯತ್ತೆ. ಮೊದಮೊದಲು ಹೊಟ್ಟೆ ಉಬ್ಬರ, ಮನೇಲಿ ಎರಡು ಕುಕ್ಕರ್, ಅವ್ರಿಗೆ ಸೋನಾಮಸೂರಿ ನನಗೆ ಇದು, ಅತ್ತೆ "ಹಕ್ಕಿ ಕಾಳು ತಿನ್ನೋ ಅಳಿಯ" ಅಂತ ಬಂದೋರಿಗೆಲ್ಲ ಹೇಳೋರು. ಹೇಳ್ಲಿ. 11 ಕೆಜಿ ಇಳಿದೆ. ಶುಗರ್ ಮಾತ್ರೆ ನಾನೇ ನಿಲ್ಲಿಸ್ದೆ, ಯಾವ ಡಾಕ್ಟ್ರನ್ನೂ ಕೇಳ್ಲಿಲ್ಲ. ಜೊತೆಗೆ ರಿಫೈನ್ಡ್ ಎಣ್ಣೆ ಎಸೆದು ಗಾಣದ ಎಣ್ಣೆಗೆ ಬನ್ನಿ, ಅರ್ಧ ಕಾಯಿಲೆ ಅಲ್ಲೇ ಹೋಗತ್ತೆ.

ನೈಟ್‌ಶಿಫ್ಟ್ ಸಿಸ್ಟರ್:
ಮಾತ್ರೆ ನಾನೇ ನಿಲ್ಲಿಸ್ದೆ ಅಂತ ಹೆಮ್ಮೆಯಿಂದ ಬರೀಬೇಡಿ ಸಾರ್, ದಯವಿಟ್ಟು. ನಮ್ಮ ಮಾವನೋರು ಹೀಗೇ ಯಾರದೋ ವಿಡಿಯೋ ನೋಡಿ ಮಾತ್ರೆ ಬಿಟ್ಟು ಮೂರು ಹೊತ್ತು ನವಣೆ ಗಂಜಿ ಕುಡುದ್ರು, ನನಗೂ ಹೇಳ್ಲಿಲ್ಲ, ಕಾಲಿನ ಗಾಯ ಮಾಗ್ಲೇ ಇಲ್ಲ ಅಂದಾಗ್ಲೇ ಗೊತ್ತಾಗಿದ್ದು. ಆಸ್ಪತ್ರೆ ಬಿಲ್ 1,84,000. ಇನ್ಶೂರೆನ್ಸ್‌ನೋರು ರೂಂ ಬಾಡಿಗೆ, ಗ್ಲೌಸು, ಹತ್ತಿ ಅಂತ ಕಟ್ ಮಾಡಿ 1,20,000 ಕೊಟ್ರು, ಡ್ರೆಸ್ಸಿಂಗ್‌ಗೆ ಆಮೇಲೂ ವಾರಕ್ಕೆ 900 ಬೇರೆ, ಕಾಲಿನ ಒಂದು ಬೆರಳು ಹೋಯ್ತು. ಸಿರಿಧಾನ್ಯದಲ್ಲಿ ನಾರು ಜಾಸ್ತಿ, ಒಪ್ಕೋತೀನಿ, ಆದ್ರೆ ಅದೂ ಪಿಷ್ಟಾನೇ, 100 ಗ್ರಾಂ ಒಣ ಧಾನ್ಯದಲ್ಲಿ 60ರ ಮೇಲೆ ಕಾರ್ಬೋಹೈಡ್ರೇಟ್. ತಟ್ಟೆ ತುಂಬ ಬಡಿಸ್ಕೊಂಡ್ರೆ ಸಕ್ಕರೆ ಏರತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಕೊಟ್ಟಿದೆ, ಅರ್ಧ ತಟ್ಟೆ ತರಕಾರಿ ಹಣ್ಣು ಅಂತಾರೆ. ನಾವು ಏನ್ಮಾಡ್ತೀವಿ, ಅರ್ಧ ತಟ್ಟೆ ಅನ್ನ, ಮೂಲೇಲಿ ಎರಡು ಚಮಚ ಹುರಳಿಕಾಯಿ ಪಲ್ಯ. ಅನ್ನ ಬಿಡೋ ಮಾತು ಆಮೇಲೆ, ಮೊದ್ಲು ಪಲ್ಯ ಅನ್ನದಷ್ಟು, ಅನ್ನ ಪಲ್ಯದಷ್ಟು ಮಾಡಿ.

ಸಿರಿಧಾನ್ಯ ಬಸವನಗುಡಿ:
ನಿಮ್ಮ ಮಾವನೋರ ವಿಷ್ಯಕ್ಕೆ ಬೇಜಾರಾಯ್ತು, ಆದ್ರೆ ಅದಕ್ಕೆ ನವಣೆ ಹೊಣೆ ಅಲ್ಲ.

ನೈಟ್‌ಶಿಫ್ಟ್ ಸಿಸ್ಟರ್:
ನವಣೆ ಹೊಣೆ ಅಂತ ನಾನೆಲ್ಲಿ ಹೇಳ್ದೆ? ಓದಿ ಬರೀರಿ.

ಮಂಡ್ಯದ ಸೊಸೆ, ಕೆಂಗೇರಿ:
ಎಲ್ಲಾ ಬುಟ್ಟು ಹಕ್ಕಿ ಕಾಳು ಯಾಕ್ ತಿಂತೀರಿ, ರಾಗಿ ಇಲ್ವಾ? 100 ಗ್ರಾಂ ರಾಗೀಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಐತೆ, ಪಾಲಿಶ್ ಅಕ್ಕೀಲಿ ಹತ್ತರ ಆಜುಬಾಜು. ಪ್ಯಾಕೆಟ್ ಹಿಟ್ಟು ತರ್ಬೇಡಿ, ಅದು ಎಷ್ಟು ದಿನ ಕೂತಿರ್ತದೋ ಏನೋ, ಒಗರು ಹೊಡೀತದೆ. ಕಾಳು ತಂದು ಕ್ಲೀನ್ ಮಾಡಿ ಮಿಲ್ಲಿಗೆ ಹಾಕ್ಸಿ, ನಮ್ ರಸ್ತೇಲಿ ಕೆಜಿಗೆ 10 ತಗೋತಾನೆ, ಮೊದಲು ಅಕ್ಕಿ ಬೀಸಿದ್ನಾ ಮೆಣಸಿನಕಾಯಿ ಬೀಸಿದ್ನಾ ಕೇಳ್ಕೊಳ್ಳಿ, ಒಂದ್ಸಲ ನಮ್ ಐದು ಕೆಜಿ ಹಿಟ್ಟು ಪೂರ್ತಿ ಖಾರ, ಮಕ್ಳು ಅತ್ತವು. ಎಸರು ಕುದಿಯೋವಾಗ ಒಂದು ಚಮಚ ಹಿಟ್ಟು ಕದಡಿ ಬುಡಿ, ಆಮೇಲೆ ಉಳಿದ ಹಿಟ್ಟು ಮಧ್ಯಕ್ಕೆ ಗುಡ್ಡೆ ಸುರೀರಿ, ತಿರುಗುಸ್ಬೇಡಿ, ಕೋಲಲ್ಲಿ ನಡುಮಧ್ಯ ಒಂದು ತೂತು ಮಾಡಿ ಬುಟ್ಬುಡಿ. ಎಸರು ತೂತಿಂದ ಉಕ್ಕಿ ಹಿಟ್ಟಿನ ಮೇಲೆ ಬರ್ಬೇಕು, ಹಿಟ್ಟು ಬೆಂದ ವಾಸ್ನೆ ಬರ್ಬೇಕು, ಆವಾಗ ಎರಡು ಕಾಲಲ್ಲಿ ಪಾತ್ರೆ ಹಿಡ್ಕೊಂಡು ತೊಳಸಿ. ಬೆಂಗ್ಳೂರೋರು ಮೊದ್ಲೇ ತಿರುಗುಸ್ತೀರಿ, ಗಂಟಾಯ್ತದೆ, ಮುದ್ದೆ ಸರಿ ಇಲ್ಲ ಅಂತೀರಿ. ಸೊಪ್ಪು ಕಾಳು ಬೇಯ್ಸಿ ಬಸ್ದು ಆ ಕಟ್ಟಲ್ಲಿ ಬಸ್ಸಾರು, ಅದೇ ಸೊಪ್ಪು ಒಗ್ಗರಣೆ ಹಾಕಿದ್ರೆ ಪಲ್ಯ, ಒಂದ್ ಒಲೇಲಿ ಎರಡು ಅಡುಗೆ ಆಯ್ತು.

ನೈಟ್‌ಶಿಫ್ಟ್ ಸಿಸ್ಟರ್:
ಅಕ್ಕ, ಬಸ್ಸಾರಿಗೆ ನನ್ನ ಓಟು. ಆದ್ರೆ ಶುಗರ್ ಇರೋರಿಗೆ ಕಿತ್ತಳೆಹಣ್ಣಿನಷ್ಟು ಒಂದೇ ಮುದ್ದೆ ಅಂತನೂ ಬರೀರಿ, ನಿಮ್ಮೂರಲ್ಲಿ ಮಾಡೋ ಸೈಜಲ್ಲಿ ಎರಡು ನುಂಗಿದ್ರೆ ಅನ್ನಕ್ಕಿಂತ ಕಮ್ಮಿ ಏನಿಲ್ಲ.

ಮಂಡ್ಯದ ಸೊಸೆ, ಕೆಂಗೇರಿ:
ನಮ್ಮೂರೋರು ಉಂಡು ಗದ್ದೆ ಗೇಯ್ತಾರೆ ಕಣವ್ವ, ಕುರ್ಚೀಲಿ ಕೂರಲ್ಲ.

ಬಾಗಲಕೋಟಿ ಹುಡುಗ:
ಎಲ್ಲಾರೂ ಅನ್ನ, ಮುದ್ದಿ, ನವಣಿ ಅಂತ ಜಗಳಾಡಾಕತ್ತೀರಿ, ಜ್ವಾಳದ ರೊಟ್ಟಿ ಹೆಸರ ಒಬ್ರೂ ತಗೀಲಿಲ್ಲಲ್ರೀ. ಕರ್ನಾಟಕ ತುಮಕೂರಿಗೇ ಮುಗೀತೇನು? ನಾ ಪೀಜಿ ಬಿಟ್ಟು ಮಾರತಹಳ್ಳ್ಯಾಗ ರೂಮ್ ಮಾಡೀನಿ, ಇಂಡಕ್ಷನ್ ಒಂದ ಐತಿ. ರೊಟ್ಟಿ ಬಡ್ಯಾಕ ಹೋದ್ರ ಇಲ್ಲಿ ಅಂಗಡಿ ಹಿಟ್ಟಿನಾಗ ಜಿಗಿನೇ ಇಲ್ಲ, ಹಳೇ ಹಿಟ್ಟು, ಕುದಿಯೂ ನೀರು ಹಾಕಿ ನಾದಿದ್ರೂ ತಟ್ಟೂಮುಂದ ಸೀಳತಾವ. ಕೆಳಗಿನ ಮನಿಯವ್ರು ಬಡಿಯೂ ಸಪ್ಪಳ ಅಂತ ಓನರ್‌ಗೆ ಹೇಳಿದ್ರು. ಈಗ ಊರಿಂದ ಖಡಕ್ ರೊಟ್ಟಿ ಬಸ್ಸಿಗೆ ಹಾಕಿ ಕಳಿಸ್ತಾರ್ರಿ, ಡಬ್ಬಿಗೆ 80 ರೂಪಾಯಿ ಪಾರ್ಸಲ್, ಅರ್ಧ ಮುರದಿರತಾವ, ಮುರದ್ರೇನು, ಹೊಟ್ಯಾಗ ಹೋಗೂದ ಅಲ್ಲೇನು. ಹೆಸರಕಾಳ ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಸವತಿಕಾಯಿ, ಮೆಂತೆ ಸೊಪ್ಪು ಹಸೀದ ತಿನ್ನೂದು. ಒಲಿ ಹಚ್ಚೂದು ಕಾಳು ಕುದಸಾಕ ಅಷ್ಟ.

ವಿಜಯನಗರ ಅಕ್ಕ:
ಶೇಂಗಾ ಚಟ್ನಿ ಎಲ್ಲಿ ಸಿಗತ್ತಪ್ಪ ಒಳ್ಳೇದು? ನಮ್ಮನೆ ಹತ್ರ ಸಿಗೋದ್ರಲ್ಲಿ ಬರೀ ಉಪ್ಪು.

ಲೆಕ್ಕದ ಮನುಷ್ಯ:
ಗಾಣದ ಎಣ್ಣೆ ವಿಷ್ಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಅದ್ರಲ್ಲಿ ದುಡ್ಡು ಕಳ್ಕೊಂಡಿದೀನಿ. ಬಡಾವಣೇಲಿ ಎತ್ತಿನ ಗಾಣ ಅಂತ ಬೋರ್ಡು, ಲೀಟರ್ 240. ಒಂದು ಲೀಟರ್ ಎಣ್ಣೆಗೆ ಮರದ ಗಾಣದಲ್ಲಿ ಹೆಚ್ಚುಕಮ್ಮಿ ಎರಡೂವರೆ ಕೆಜಿ ಕಡಲೆಕಾಯಿ ಬೀಜ ಬೇಕು. ಬೀಜ ಕೆಜಿ 140 ಅಂದ್ರೂ 350 ಬೀಜಕ್ಕೇ ಆಯ್ತು. 240ಕ್ಕೆ ಅವ್ನು ಏನು ಕೊಡ್ತಿದ್ದ ಅಂತ ನೀವೇ ಲೆಕ್ಕ ಹಾಕಿ, ನಾನು ಮಾತ್ರ ವರ್ಷಗಟ್ಲೆ ತಂದು ನೆಂಟರಿಗೂ ಕೊಡಿಸ್ದೆ. ಆಮೇಲೆ ಇನ್ನೊಂದು, ಗಾಣದ್ದಾಗ್ಲಿ ರಿಫೈನ್ಡ್ ಆಗ್ಲಿ ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿನೇ. ಒಳ್ಳೆ ಎಣ್ಣೆ ಅಂತ ಬಜ್ಜಿ ಕರ್ಕೊಂಡು ತಿಂದು ಬಿಪಿ ತಂದ್ಕೊಂಡೋರು ನಮ್ಮ ಫ್ಯಾಮಿಲಿಲೇ ಇದಾರೆ.

ಸಿರಿಧಾನ್ಯ ಬಸವನಗುಡಿ:
ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ ಮಾರಿದ ದುಡ್ಡು ಲೆಕ್ಕಕ್ಕೆ ಹಿಡಿದ್ರಾ? ಅದೂ ಕೆಜಿಗೆ ರೇಟ್ ಇದೆ. ನಾನು 420 ಕೊಟ್ಟು ತರ್ತೀನಿ, ಕಣ್ಮುಂದೆ ಹಿಂಡಿಸ್ಕೊಂಡು. ನೀವು ಅಗ್ಗ ಹುಡುಕ್ದ್ರಿ, ಮೋಸ ಹೋದ್ರಿ, ಗಾಣಕ್ಕೆ ಬೈತೀರಿ.

ಲೆಕ್ಕದ ಮನುಷ್ಯ:
ಒಂದೂವರೆ ಕೆಜಿ ಹಿಂಡಿ ಕೆಜಿಗೆ 50ರ ಹಾಗೆ ಇಡಿ, 75 ಕಳೀರಿ. ಆದ್ರೂ 275. ಕರೆಂಟು, ಕೂಲಿ, ಬಾಡಿಗೆ, ಬಾಟ್ಲಿ ಪುಕ್ಸಟ್ಟೆನಾ ಗುರುಗಳೇ?

ಪುತ್ತೂರು ಟು ಜೆಪಿ ನಗರ:
ನಿಮ್ಮ ಎಣ್ಣೆ ಜಗಳ ಮುಗಿದ ಮೇಲೆ ಒಂದು ಮಾತು ಉಂಟು ಮಾರಾಯ್ರೆ. ನಾವು ಕುಚ್ಚಲಕ್ಕಿಯವರು, ಗಂಜಿ ಊಟ, ಒಂದು ಹುರುಳಿ ಸಾರು, ಮಜ್ಜಿಗೆ ಹಾಕಿದ ತಂಬುಳಿ. ತೊಂದರೆ ಎಂತದ್ದು ಅಂದ್ರೆ ಇಲ್ಲಿಯ ಬೋರ್‌ವೆಲ್ ನೀರಿಗೆ ಹುರುಳಿ ಬೇಯುವುದೇ ಇಲ್ಲ. ರಾತ್ರಿಯಿಡೀ ನೆನೆಸಿ ಏಳೆಂಟು ವಿಷಲ್ ಹಾಕಿದ್ರೂ ಹಲ್ಲಿಗೆ ಕಲ್ಲು. ಕುಕ್ಕರ್ ಸರಿ ಇಲ್ಲ ಅಂತ ಗ್ಯಾಸ್ಕೆಟ್ 180, ವೇಟ್ 150, ಸೇಫ್ಟಿ ವಾಲ್ವ್ 40 ಎಲ್ಲಾ ಬದಲಿಸಿ ಆಯಿತು, ಆಮೇಲೆ ಕುಕ್ಕರೇ ಬದಲಿಸಿದೆ, 2,650. ಊರಿಂದ ಬಂದ ಅಮ್ಮ ಕುಡಿಯುವ ಫಿಲ್ಟರ್ ನೀರು ಹಾಕಿ ಬೇಯಿಸಿದ್ರು, ಬೆಣ್ಣೆ ಹಾಗೆ ಬೆಂತು. ಗಡಸು ನೀರಿಗೆ ಕಾಳು ಬೇಯುವುದಿಲ್ಲ ಅಂತ ಅಂಗಡಿಯವ ಹೇಳಬಹುದಿತ್ತಲ್ಲ, ಅವನಿಗೆ ಕುಕ್ಕರ್ ಮಾರ್ಬೇಕಿತ್ತು.

ವಿಜಯನಗರ ಅಕ್ಕ:
ಒಂದು ಚಿಟಿಕೆ ಸೋಡಾ ಹಾಕಿದ್ರೆ ಆಗ್ತಿತ್ತಲ್ಲ.

ನೈಟ್‌ಶಿಫ್ಟ್ ಸಿಸ್ಟರ್:
ಅಕ್ಕ ಸೋಡಾ ದಿನಾ ಬೇಡ, ಕಾಳಲ್ಲಿರೋ ಬಿ1 ವಿಟಮಿನ್ ಹೋಗತ್ತೆ, ಅದ್ರಲ್ಲೂ ಸೋಡಿಯಂ ಇರತ್ತೆ. ಉಪ್ಪೇ ದಿನಕ್ಕೆ 5 ಗ್ರಾಂ ಒಳಗೆ ಅಂತಾರೆ, ನಮ್ಮ ಉಪ್ಪಿನಕಾಯಿ ಹಪ್ಪಳಕ್ಕೇ ಅರ್ಧ ಹೋಗಿರತ್ತೆ.

ಲೆಕ್ಕದ ಮನುಷ್ಯ:
ಬೋರ್ ನೀರಿನ ಮಾತು ಬಂತಲ್ಲ. ಕಾವೇರಿ 5ನೇ ಹಂತ 2024 ಅಕ್ಟೋಬರಲ್ಲೇ ಉದ್ಘಾಟನೆ ಆಯ್ತು, ದಿನಕ್ಕೆ 775 ದಶಲಕ್ಷ ಲೀಟರ್, 110 ಹಳ್ಳಿಗೆ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಇನ್ನೂ ಕನೆಕ್ಷನ್ನಿಗೆ ಅರ್ಜಿ ಹಾಕಿಲ್ಲ, ಕಟ್ಟೋ ದುಡ್ಡು ಜಾಸ್ತಿ ಅಂತೆ. ಟ್ಯಾಂಕರಿಗೆ ಮಾತ್ರ ತಿಂಗಳು ತಿಂಗಳು ಸುರೀತಾರೆ.

ಮಂಡ್ಯದ ಸೊಸೆ, ಕೆಂಗೇರಿ:
ನಮ್ ಕಾವೇರಿ ನೀರು ಕುಡುದು ನಮ್ ಮುದ್ದೆಗೇ ಹೆಸರಿಡ್ತೀರಲ್ಲ.

ಲೆಕ್ಕದ ಮನುಷ್ಯ:
ಮುದ್ದೆಗೆ ನಾನೆಲ್ಲಿ ಹೆಸರಿಟ್ಟೆ ಅಕ್ಕ, ನಂದು ಎಣ್ಣೆ ವಿಷ್ಯ ಮಾತ್ರ. ಆ ಕೆಂಗೇರಿ ಮಿಲ್ಲು ಭಾನುವಾರ ತೆಗ್ದಿರತ್ತಾ?

ಮಂಡ್ಯದ ಸೊಸೆ, ಕೆಂಗೇರಿ:
ಹನ್ನೊಂದರ ತಂಕ. ಮೊದ್ಲು ಮೆಣಸಿನಕಾಯಿ ಬೀಸಿದ್ನಾ ಕೇಳಿ.