ಪದಚರ್ಚೆ: ಹಳೆ ಕಂಪ್ಯೂಟರಿನ ಫಲಕಕ್ಕೆ ಜೀರ್ಣೋದ್ಧಾರವೋ, ದುರಸ್ತಿಯೋ? ‘ಡಿಸ್ಚಾರ್ಜ್’ಗೆ ಏನು?

ಕಾರವಾರದಿಂದ:

ಶುಕ್ರವಾರ ಫಲಕ ಅಚ್ಚಿಗೆ ಹೋಗಬೇಕು, ಬೇಗ ಹೇಳಿ. ಇಲ್ಲಿಯ ಪ್ರದರ್ಶನವೊಂದರಲ್ಲಿ 1983ರ ಕಾಂಪ್ಯಾಕ್ ಪೋರ್ಟಬಲ್ ಇಡುತ್ತಿದ್ದಾರೆ. ಹೊಲಿಗೆ ಯಂತ್ರದ ಪೆಟ್ಟಿಗೆಯಂಥದ್ದು, ತೂಕ ಸುಮಾರು 13 ಕಿಲೊ, 9 ಇಂಚಿನ ಹಸಿರು ಪರದೆ. ನಡುವೆ ಬಹಳ ಕೈಗಳು ಆಡಿವೆ. ಹಿಂಬದಿ ಕೊರೆದು ಎರಡನೇ ಫ್ಯಾನ್ ಕೂರಿಸಿದ್ದಾರೆ, ಗಡಿಯಾರದ ಕಾರ್ಡ್ ಸೇರಿಸಿದ್ದಾರೆ, ಮೆಮೊರಿ ಚಿಪ್‌ಗಳ ಬೆನ್ನಮೇಲೆ ಇನ್ನೊಂದು ಸಾಲು ಚಿಪ್ ಬೆಸೆದಿದ್ದಾರೆ. ಈಗ ಅದನ್ನು ಆದಷ್ಟು ಮೊದಲಿನಂತೆ ಮಾಡಿದ್ದಾರೆ. ನನ್ನ ಕರಡು ಹೀಗಿದೆ:

‘ಜೀರ್ಣೋದ್ಧಾರಗೊಂಡ ಗಣಕಯಂತ್ರ. ಬ್ಯಾಟರಿ ಆಸಿಡ್‌ನಿಂದ ತುಕ್ಕು ಹಿಡಿದ ತಾಮ್ರದ ಗೆರೆಗಳನ್ನು ಸರಿಪಡಿಸಲಾಗಿದೆ. ವಿದ್ಯುತ್ ವಿಸರ್ಜನೆ ಮಾಡದೆ ತೆರೆಯಬಾರದು.’

ಮೂರು ವಾಕ್ಯವೂ ಹಿಡಿಸುತ್ತಿಲ್ಲ.

ಶಿರಸಿಯಿಂದ:

ನಡುವಿನ ವಾಕ್ಯದಲ್ಲಿ ಎರಡು ತಪ್ಪಿವೆ. ತುಕ್ಕು ಕಬ್ಬಿಣಕ್ಕೆ ಹಿಡಿಯುವುದು. ತಾಮ್ರ, ಹಿತ್ತಾಳೆ, ಕಂಚಿಗೆ ಹಿಡಿಯುವುದು ಕಿಲುಬು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ಹಸಿರಾಗುತ್ತದಲ್ಲ, ಬೋರ್ಡಿನ ಗೆರೆಯ ಮೇಲೆ ಕಾಣುವ ನೀಲಿ-ಹಸಿರು ಹುಡಿ ಅದೇ ಜಾತಿ. ಮನೆಮನೆಯಲ್ಲಿರುವ ಮಾತನ್ನು ಬಿಟ್ಟು ತುಕ್ಕು ಬರೆಯುವುದು ಯಾಕೆ?

ಇನ್ನು, ಅದು ಆಸಿಡ್ ಅಲ್ಲ. ಅಂಥ ಗಡಿಯಾರದ ಕಾರ್ಡುಗಳಲ್ಲಿ ಸೋರುವುದು 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ, ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಫಲಕ ಓದಿದವರು ಆಸಿಡ್ ಎಂದು ನಂಬಿ ಅಡಿಗೆ ಸೋಡಾ ಹಚ್ಚಿದರೆ ಏನೂ ಉಪಯೋಗವಿಲ್ಲ. ಬ್ಯಾಟರಿ ಕತ್ತರಿಸಿ ತೆಗೆದು, ಬಿಳಿ ವಿನೆಗರ್ ಅದ್ದಿದ ಬ್ರಶ್‌ನಿಂದ ನೊರೆ ನಿಲ್ಲುವವರೆಗೆ ಉಜ್ಜಬೇಕು, ಡಿಸ್ಟಿಲ್ಡ್ ನೀರಲ್ಲಿ ತೊಳೆಯಬೇಕು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಹುಣಸೆಹುಳಿ, ಮುರುಗಲು ಬೇಡ, ಅವುಗಳ ತಿರುಳು ಚಿಪ್ಪಿನ ಕಾಲುಗಳ ನಡುವೆ ಅಂಟಿಕೊಳ್ಳುತ್ತದೆ.

‘ಕ್ಷಾರ ಸೋರಿ ಕಿಲುಬು ಹಿಡಿದ’ ಎಂದು ಬರೆಯಿರಿ.

ಹೊನ್ನಾವರದಿಂದ:

ಜೀರ್ಣೋದ್ಧಾರ ಭಾರವಾದರೆ ದುರಸ್ತಿ ಬರೆಯಬಹುದು ಅನ್ನುವವರಿಗೆ ಒಂದು ಮಾತು. ದುರ್ + ಅಸ್ತಿ, ‘ಕೆಟ್ಟದ್ದು ಇದೆ’ ಎಂದು ಆ ಪದದ ಅರ್ಥ. ಕೆಟ್ಟದ್ದನ್ನು ತೆಗೆದ ಮೇಲೂ ಹಾಗೆ ಬರೆಯುವುದು ಸರಿಯಲ್ಲ.

ಅಂಕೋಲೆಯಿಂದ:

ಶುದ್ಧ ತಪ್ಪು. ಫಾರಸಿಯ ‘ದುರುಸ್ತ್’, ಅರ್ಥ ‘ಸರಿಯಾದ’. ಮರಾಠಿಯಲ್ಲೂ ದುರುಸ್ತಿ. ಸಂಸ್ಕೃತ ಸಂಧಿ ಬಿಡಿಸಿದರೆ ಎಲ್ಲ ಪದವೂ ಬಿಡಿಸಿಕೊಳ್ಳುತ್ತದೆ, ಅದು ವ್ಯುತ್ಪತ್ತಿಯಲ್ಲ. 1862ರಿಂದ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು, ದಫ್ತರದ ಮಾತು ಮನೆಗೆ ಬಂತು. ಪೋಡಿ ದುರಸ್ತಿಗೆ (ಜಮೀನಿನ ಪಾಲುಗಳ ದಾಖಲೆ ಸರಿಪಡಿಸಲು) ಅರ್ಜಿ ಕೊಟ್ಟ ಯಾವ ರೈತನಿಗೂ ಈ ಪದದ ಅರ್ಥ ಹೇಳಿಕೊಡಬೇಕಿಲ್ಲ.

ಕುಮಟಾದಿಂದ:

ಫಾರಸಿ ಎಂದು ನೀವೇ ಒಪ್ಪಿದಿರಲ್ಲ. ಹಾಗಾದರೆ ಅದನ್ನು ಬಿಡಿ. ‘ಸರಿಗೊಳಿಸಿದ ಎಣ್ಣುಕ’ ಸಾಕು. ಸರಿ ನಮ್ಮದು, ಎಣ್ಣು ನಮ್ಮದು. ಜೀರ್ಣೋದ್ಧಾರ, ಗಣಕಯಂತ್ರ, ವಿಸರ್ಜನೆ ಮೂರೂ ಸಂಸ್ಕೃತ. ಕನ್ನಡದ ಫಲಕದಲ್ಲಿ ಕನ್ನಡದ ಬೇರು ಒಂದಾದರೂ ಇರಬೇಡವೇ?

ಕಾರವಾರದಿಂದ:

‘ಎಣ್ಣುಕ’ ಓದಿ ಎಷ್ಟು ಜನ ಕಂಪ್ಯೂಟರ್ ಎಂದುಕೊಳ್ಳುತ್ತಾರೆ? ಅದರ ಕೆಳಗೇ ಎಚ್ಚರಿಕೆ ಇದೆ. ಅಲ್ಲಿ ಯಾರೂ ಅರ್ಥ ಊಹಿಸುತ್ತ ನಿಲ್ಲಬಾರದು.

ಅಂಕೋಲೆಯಿಂದ:

ಎಚ್ಚರಿಕೆಯ ವಾಕ್ಯಕ್ಕೇ ಬರೋಣ, ಜೀವಕ್ಕೆ ಸಂಬಂಧಿಸಿದ್ದು ಅದೊಂದೇ. ವಿಸರ್ಜನೆ ಎಂದರೆ ಜನಕ್ಕೆ ಗಣಪತಿ ನೆನಪಾಗುತ್ತಾನೆ, ಡಿಸ್ಚಾರ್ಜ್ ಎಂದರೆ ಆಸ್ಪತ್ರೆಯಿಂದ ಮನೆಗೆ ಬರುವುದು. ಆದರೆ ವಿಷ ಇಳಿಸುತ್ತೇವೆ, ಜ್ವರ ಇಳಿಯುತ್ತದೆ, ಹೊರೆ ಇಳಿಸುತ್ತೇವೆ, ಫೋನಿನ ಚಾರ್ಜ್ ಇಳಿಯುತ್ತದೆ. ಪದ ಅಲ್ಲೇ ಇದೆ: ಇಳಿಸು. ಒಳಗೆ ತುಂಬಿ ಕೂತ ಅಪಾಯವನ್ನು ಹೊರಗೆ ತೆಗೆಯುವುದಕ್ಕೆ ಇಷ್ಟು ಹೊಂದುವ ಕ್ರಿಯಾಪದ ಇನ್ನೊಂದಿಲ್ಲ.

ಕೆಲಸ ನೋಡಿದರೂ ಅದು ಇಳಿಸುವುದೇ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಟ್ಯೂಬಿನ ಹಿಂಬದಿಗೆ ಒತ್ತಿಕೊಂಡಿರುವ ಬರಿಯ ಹೆಣೆದ ತಂತಿಗೆ ಒಂದು ವಯರಿನ ಕ್ಲಿಪ್ ಕಚ್ಚಿಸಿ, ಇನ್ನೊಂದು ತುದಿಯನ್ನು ಕರೆಂಟ್ ಹರಿಯದ ಪ್ಲಾಸ್ಟಿಕ್ ಹಿಡಿಕೆಯ ಚಪ್ಪಟೆ ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಕಚ್ಚಿಸಿ. ಒಂದೇ ಕೈ ಬಳಸಿ, ಟ್ಯೂಬಿಗೆ ದಪ್ಪ ವಯರ್ ಸೇರುವಲ್ಲಿರುವ ರಬ್ಬರ್ ಬಟ್ಟಲಿನ ಅಡಿಗೆ ಮೆಲ್ಲನೆ ತೂರಿಸಿ ಲೋಹದ ಕೊಕ್ಕೆಗೆ ಮುಟ್ಟಿಸಿ. ‘ಟಪ್’ ಅನ್ನಬಹುದು, ಅನ್ನದೆಯೂ ಇರಬಹುದು. ಹತ್ತು ನಿಮಿಷ ಬಿಟ್ಟು ಮತ್ತೆ ಮುಟ್ಟಿಸಿ, ಗಾಜಿನಲ್ಲಿ ಹೀರಿ ಕುಳಿತದ್ದು ತಿರುಗಿ ಮೇಲೇರುತ್ತದೆ. ಮದರ್‌ಬೋರ್ಡಿನ ನೆಲಕ್ಕೆ (ಗ್ರೌಂಡ್‌ಗೆ) ಇಳಿಸಬೇಡಿ, ಚಿಪ್ ಸುಡುತ್ತದೆ. ಟ್ಯೂಬಿನ ಕುತ್ತಿಗೆಗೆ ಮೊಣಕೈ ತಾಗದಿರಲಿ, ಬಲು ತೆಳು ಗಾಜು.

ಪವರ್ ಸಪ್ಲೈಯ ದೊಡ್ಡ ಕೆಪಾಸಿಟರುಗಳಿಗೆ ಸ್ಕ್ರೂಡ್ರೈವರ್ ಬೇಡ. 230 ವೋಲ್ಟ್ ಎಸಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿರುತ್ತದೆ, ನೇರ ಶಾರ್ಟ್ ಮಾಡಿದರೆ ಕಿಡಿ ಹಾರಿ ತುದಿ ಕರಗುತ್ತದೆ. 10 ಕಿಲೊ ಓಮ್, 10 ವ್ಯಾಟಿನ ರೆಸಿಸ್ಟರನ್ನು, ಬರಿಗೈ ತಾಗದಂತೆ, ಕೆಪಾಸಿಟರಿನ ಎರಡು ಕಾಲುಗಳಿಗೆ ಅರ್ಧ ನಿಮಿಷ ತಾಗಿಸಿಟ್ಟು, ಮೀಟರ್ 5 ವೋಲ್ಟಿಗಿಂತ ಕೆಳಗೆ ತೋರಿಸಿದ ಮೇಲಷ್ಟೇ ಕೈಹಾಕಿ.

ಕುಮಟಾದಿಂದ:

‘ಇಳಿಸು’ ಒಪ್ಪಿದೆ, ಅಚ್ಚಗನ್ನಡ. ದುರಸ್ತಿಯಲ್ಲೂ ಅದೇ ಶಿಸ್ತು ಯಾಕಿಲ್ಲ?

ಕಾರವಾರದಿಂದ:

ಯಾಕೆಂದರೆ ಶಿಸ್ತು ಬೇರೆ, ಜರಡಿ ಬೇರೆ. ಚಾವಿ, ಪಗಾರ, ಬಟಾಟೆ, ಲಿಲಾವು (ಹರಾಜು) ನಾಲ್ಕೂ ಪೋರ್ತುಗೀಸ್. ಅವನ್ನು ತೆಗೆದರೆ ರವಿವಾರದ ಸಂತೆಯಲ್ಲಿ ವ್ಯಾಪಾರ ನಡೆಯುವುದಿಲ್ಲ. ಲಿಲಾವಿಗೆ, ಲಿಲಾವಿನಲ್ಲಿ ಎಂದು ವಿಭಕ್ತಿ ಹಚ್ಚಿಕೊಂಡ ಪದ ಕನ್ನಡದ್ದೇ.

ಕುಮಟಾದಿಂದ:

ಹೀಗೆ ಬಾಗಿಲು ತೆರೆದೇ ಇಟ್ಟರೆ ಹೊಸ ಪದ ಕಟ್ಟುವ ಅಭ್ಯಾಸವೇ ಸತ್ತುಹೋಗುತ್ತದೆ. ನನ್ನ ಕಳವಳ ಅದು, ಸಂತೆಯದ್ದಲ್ಲ.

ಶಿರಸಿಯಿಂದ:

ಮೂಲದ ಜಗಳ ಬಿಡಿ, ಅರ್ಥ ನೋಡಿ. ಜೀರ್ಣೋದ್ಧಾರದಲ್ಲಿ ಹಳೆ ಗುಡಿಯನ್ನು ಅಡಿಪಾಯದಿಂದ ಎತ್ತಿ ಹೊಸದಾಗಿ ಕಟ್ಟುವುದೂ ಸೇರುತ್ತದೆ, ಇಲ್ಲಿ ಹಾಗೆ ಆಗಿಲ್ಲ. ‘ಮೂಲಸ್ಥಿತಿಗೆ ತಂದ’ ಎಂದರೆ ಸುಳ್ಳಾಗುತ್ತದೆ, ಹಿಂಬದಿಯ ತೂತು ಹಾಗೇ ಇರುತ್ತದೆ. ದುರಸ್ತಿ ಮೊದಲಿನಂತೆ ಮಾಡಿದೆ ಎಂದು ಭರವಸೆ ಕೊಡುವುದಿಲ್ಲ, ಸರಿಯಾಗಿದೆ ಎಂದಷ್ಟೇ ಹೇಳುತ್ತದೆ. ಅದಕ್ಕೇ ಅದು ಇಲ್ಲಿಗೆ ಸರಿ.

ಆದರೆ ನಿಜಕ್ಕೂ ಸರಿಯಾಗಿದೆಯೇ ಎಂದು ಕೇಳಿಕೊಳ್ಳಿ. ಪವರ್ ಸಪ್ಲೈಯಲ್ಲಿ ಅರೆಪಾರದರ್ಶಕ ಹಳದಿ ಕವಚದ, ಕಾಗದದ ಪದರದ ಎಕ್ಸ್2 ಕೆಪಾಸಿಟರ್ (ಮೇನ್ಸ್ ಕರೆಂಟಿನ ಎರಡು ತಂತಿಗಳ ನಡುವೆ ಕೂರುವ ಬಗೆ) ಇದ್ದರೆ ಅದರ ಮೈ ನೋಡಿ. ಕೂದಲೆಳೆಯ ಬಿರುಕುಗಳಿದ್ದರೆ ಕರಾವಳಿಯ ಮಳೆಗಾಲದ ತೇವ ಕಾಗದಕ್ಕೆ ಇಳಿದಿದೆ ಎಂದೇ ತಿಳಿಯಿರಿ. ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ ಕಾರುತ್ತದೆ, ಅದೂ ಜನ ಸೇರಿದ ಹೊತ್ತಿನಲ್ಲಿ. ಅಷ್ಟೇ ಮೈಕ್ರೊಫ್ಯಾರಡಿನ, 275 ವೋಲ್ಟಿನ ಪಾಲಿಪ್ರೊಪಿಲೀನ್ ಎಕ್ಸ್2 ಹಾಕಿ, ಮಾಮೂಲಿ ಕೆಪಾಸಿಟರ್ ಅಲ್ಲಿಗೆ ಸಲ್ಲದು. ಮೊದಲ ಸಲ ಕರೆಂಟ್ ಕೊಡುವಾಗ 60 ವ್ಯಾಟಿನ ತಂತಿ ಬಲ್ಬನ್ನು ಸರಣಿಯಲ್ಲಿಡಿ. ಬಲ್ಬ್ ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಬಲ್ಬ್ ತೆಗೆದ ಮೇಲೆ, ಲೋಡ್ ಇಟ್ಟು, 5 ವೋಲ್ಟಿನ ಸಾಲು 4.75ರಿಂದ 5.25ರೊಳಗೆ, 12ರದ್ದು 11.4ರಿಂದ 12.6ರೊಳಗೆ ಇದೆಯೇ ಅಳೆಯಿರಿ.

ಕಾರವಾರದಿಂದ:

ಕೆಪಾಸಿಟರ್ ನೋಡಲು ಹೇಳಿದ್ದೇನೆ. ಅಚ್ಚಿಗೆ ಹೋಗುವುದು ಇದು:

‘ದುರಸ್ತಿ ಮಾಡಿದ ಹಳೆಯ ಕಂಪ್ಯೂಟರ್, 1983. ಕ್ಷಾರ ಸೋರಿ ಕಿಲುಬು ಹಿಡಿದಿದ್ದ ತಾಮ್ರದ ಗೆರೆಗಳನ್ನು ಬೆಸೆದಿದೆ. ಹಿಂಬದಿಯ ತೂತು ಆಮೇಲೆ ಕೊರೆದದ್ದು. ಎಚ್ಚರಿಕೆ: ಪ್ಲಗ್ ತೆಗೆದರೂ ಒಳಗೆ ಕರೆಂಟ್ ಇರುತ್ತದೆ. ಇಳಿಸದೆ ಮುಟ್ಟಬೇಡಿ.’

ಕುಮಟಾದಿಂದ:

‘ಕರೆಂಟ್ ಇಳಿಸದೆ’ ಎಂದು ಬಿಡಿಸಿ ಬರೆಯಿರಿ. ಬರಿಯ ‘ಇಳಿಸದೆ’ ಎಂದರೆ ಪೆಟ್ಟಿಗೆಯನ್ನು ಮೇಜಿನಿಂದ ಇಳಿಸಿ ಎಂದು ಓದುವವರಿದ್ದಾರೆ.