ಮೂಲಭೂತವಾದಿ, ಮಂದಗಾಮಿ, ಹದ್ದು ಮೀರಿದವರು: ಯಾವ ಪದ ಯಾರಿಗೆ?

ಗೆಳೆಯರೇ,

ಯಹೂದಿ, ಕ್ರೈಸ್ತ ಮತ್ತು ಮುಸ್ಲಿಂ ಸಮುದಾಯಗಳ ಒಳಗೆ ಮತದ ಹೆಸರಿನಲ್ಲಿ ಅತಿಗೆ ಹೋಗುವವರ ಬಗ್ಗೆ, ಅವರನ್ನು ಒಳಗಿನಿಂದಲೇ ತಡೆಯುವವರ ಬಗ್ಗೆ ಒಂದು ಉದ್ದನೆಯ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷಿನ ‘ಎಕ್ಸ್‌ಟ್ರೀಮಿಸ್ಟ್’ ಮತ್ತು ‘ಮಾಡರೇಟ್’ ಎಂಬ ಎರಡು ಪದಗಳ ಹತ್ತಿರ ಕೆಲಸ ನಿಂತುಬಿಟ್ಟಿದೆ. ಪದಕೋಶಗಳಲ್ಲಿ ಪರ್ಯಾಯಗಳು ಬೇಕಾದಷ್ಟಿವೆ. ಆದರೆ ಯಾವುದನ್ನು ಇಟ್ಟರೂ ವಾಕ್ಯ ಬೇರೆ ಏನನ್ನೋ ಹೇಳತೊಡಗುತ್ತದೆ.

ಮೊದಲು ಕೈಗೆ ಬರುವುದು ‘ತೀವ್ರಗಾಮಿ–ಮಂದಗಾಮಿ’ ಜೋಡಿ. ಶಾಲೆಯ ಇತಿಹಾಸ ಪಾಠದಿಂದ ನಮಗೆಲ್ಲ ಅದು ಗೊತ್ತು: 1907ರ ಸೂರತ್ ಅಧಿವೇಶನದಲ್ಲಿ ಕಾಂಗ್ರೆಸ್ ಒಡೆಯಿತು, ಗೋಖಲೆ ಮಂದಗಾಮಿ, ತಿಲಕರು ತೀವ್ರಗಾಮಿ. ಆ ಪಾಠದಲ್ಲಿ ‘ತೀವ್ರಗಾಮಿ’ ಬೈಗುಳವಲ್ಲ, ತಿಲಕರ ಪಟದ ಕೆಳಗೆ ಅಭಿಮಾನದಿಂದ ಬರೆಯಬಹುದಾದ ಮಾತು. ಇನ್ನು ‘ಮಂದ’ ಎಂದ ಕೂಡಲೇ ಮಂದಬುದ್ಧಿ, ಮಂದಗತಿ, ಮಂದವಾದ ದೀಪ ಎಲ್ಲವೂ ಹಿಂದೆ ಬಂದು ನಿಲ್ಲುತ್ತವೆ. ಐದು ಹೊತ್ತು ನಮಾಜು ಬಿಡದ, ಹಿಂಸೆಯನ್ನು ಬಹಿರಂಗವಾಗಿ ಖಂಡಿಸುವ ಒಬ್ಬ ವಿದ್ವಾಂಸರನ್ನು ‘ಮಂದಗಾಮಿ ಮುಸ್ಲಿಂ’ ಎಂದು ಬರೆದೆ. ಮರುದಿನ ಓದಿಕೊಂಡಾಗ ಅವರಿಗೆ ನಂಬಿಕೆಯೇ ಕಡಿಮೆ ಎಂದು ಹೇಳಿದ ಹಾಗಿತ್ತು. ಅಳಿಸಿದೆ. ‘ಸೌಮ್ಯವಾದಿ’ಯೂ ಅಷ್ಟೆ. ಅದು ಸ್ವಭಾವವನ್ನು ಹೇಳುತ್ತದೆ, ನಿಲುವನ್ನಲ್ಲ. ‘ಉಗ್ರಗಾಮಿ’ ಕೋವಿ ಹಿಡಿದವನಿಗೆ ಸರಿ, ಅದರ ಬಗ್ಗೆ ತಕರಾರಿಲ್ಲ.

‘ಮೂಲಭೂತವಾದಿ’ಯ ತೊಡಕು ಇನ್ನೂ ಆಳದ್ದು. ಸಂವಿಧಾನದ ಕನ್ನಡದಲ್ಲಿ ಮೂಲಭೂತ ಹಕ್ಕು, ಮೂಲಭೂತ ಕರ್ತವ್ಯ ಎನ್ನುತ್ತೇವೆ. ಅಲ್ಲಿ ಅದು ಎಲ್ಲಕ್ಕೂ ಆಧಾರವಾದ, ಕಾಪಾಡಬೇಕಾದ ವಸ್ತು. ಅದೇ ಪದಕ್ಕೆ ‘ವಾದಿ’ ಸೇರಿದ ಕೂಡಲೇ ಅಪರಾಧಿಯಾಗುವುದು ಹೇಗೆ? ಮೂಲವನ್ನು ಹಿಡಿದವನು ಅಪಾಯಕಾರಿ, ಮೂಲ ಬಿಟ್ಟವನು ಒಳ್ಳೆಯವನು ಎಂಬ ಅರ್ಥ ಓದುಗರಿಗೆ ತಿಳಿಯದೆಯೇ ಒಳಗೆ ಹೋಗುತ್ತದೆ.

ಈ ಪದ ಹುಟ್ಟಿದ್ದು ಅಮೆರಿಕದ ಪ್ರಾಟೆಸ್ಟಂಟರಲ್ಲಿ. 1910ರಿಂದ 1915ರವರೆಗೆ ‘ದಿ ಫಂಡಮೆಂಟಲ್ಸ್’ ಎಂಬ 12 ಸಂಪುಟಗಳ ಪ್ರಬಂಧಮಾಲೆ ಹೊರಬಂತು. ಕ್ಯಾಲಿಫೋರ್ನಿಯಾದ ಎಣ್ಣೆ ಉದ್ಯಮಿ ಲೈಮನ್ ಸ್ಟೂವರ್ಟ್ ಅದಕ್ಕೆ ಹಣ ಹಾಕಿ, ಪಾದ್ರಿಗಳಿಗೆ ಪುಕ್ಕಟೆಯಾಗಿ ಹಂಚಿಸಿದರು. 1920ರಲ್ಲಿ ಕರ್ಟಿಸ್ ಲೀ ಲಾಸ್ ಎಂಬ ಬ್ಯಾಪ್ಟಿಸ್ಟ್ ಪತ್ರಿಕಾ ಸಂಪಾದಕರು, ಆ ಮೂಲತತ್ವಗಳಿಗಾಗಿ ಹೋರಾಡಲು ಸಿದ್ಧರಿರುವವರನ್ನು ‘ಫಂಡಮೆಂಟಲಿಸ್ಟ್’ ಎಂದು ಕರೆಯೋಣ ಎಂದರು. ಅಂದರೆ ಇದು ಶತ್ರುಗಳು ಅಂಟಿಸಿದ ಹೆಸರಲ್ಲ, ತಾವೇ ಹೆಮ್ಮೆಯಿಂದ ಇಟ್ಟುಕೊಂಡದ್ದು. ಅವರ ಜಗಳ ಬೈಬಲನ್ನು ಅಕ್ಷರಶಃ ಓದಬೇಕೋ ಬೇಡವೋ, ವಿಕಾಸವಾದವನ್ನು ಶಾಲೆಯಲ್ಲಿ ಕಲಿಸಬಹುದೋ ಇಲ್ಲವೋ ಎಂಬುದರ ಮೇಲೆ ಇತ್ತು. 1925ರಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ ಸ್ಕೋಪ್ಸ್ ಎಂಬ ಶಿಕ್ಷಕರ ಮೇಲೆ ನಡೆದ ಮೊಕದ್ದಮೆಯ ನಂತರವೇ ಪದಕ್ಕೆ ಕೆಟ್ಟ ವಾಸನೆ ಜೋರಾಗಿ ಹತ್ತಿದ್ದು. ಇಂಥ ಪದವನ್ನು ದಶಕಗಳ ಮೇಲೆ ಎತ್ತಿ ಇಸ್ಲಾಮಿಗೆ ಹೊದಿಸಿದಾಗ ಅರಬಿಯವರು ‘ಉಸೂಲಿಯ್ಯಾ’ ಎಂದು ಅನುವಾದಿಸಿಕೊಂಡರು. ಅಲ್ಲಿಯೂ ನಮ್ಮದೇ ಕಷ್ಟ: ‘ಉಸೂಲ್’ ಎಂದರೆ ಬೇರುಗಳು, ‘ಉಸೂಲುಲ್ ಫಿಕ್ಹ್’ ಎಂದರೆ ಧರ್ಮನ್ಯಾಯದ ಮೂಲಸೂತ್ರಗಳ ಶಾಸ್ತ್ರ. ಅದನ್ನು ಬಲ್ಲ ಗಂಭೀರ ಪಂಡಿತನನ್ನು ಸೂಚಿಸುವ ಬೇರಿನಿಂದಲೇ ಬಾಂಬು ಇಡುವವನಿಗೂ ಹೆಸರು ಸಿಕ್ಕಿತು.

ಯಹೂದಿಗಳ ವಿಷಯಕ್ಕೆ ಬಂದಾಗ ನನ್ನ ಕರಡು ಮಾಡಿದ ತಪ್ಪು ನೋಡಿ. ಒಂದು ಪುಟದಲ್ಲಿ ಜೆರುಸಲೇಮಿನ ಮೇಆ ಶೆಆರೀಮ್ ಬಡಾವಣೆಯ ಹರೇದಿಗಳನ್ನು, ಅಂದರೆ ಮತಾಚರಣೆಯಲ್ಲಿ ಬಹಳ ಕಟ್ಟುನಿಟ್ಟಾದ ಯಹೂದಿ ಪಂಗಡದವರನ್ನು, ‘ಕಟ್ಟಾ ಯಹೂದಿಗಳು’ ಎಂದಿದ್ದೆ. ನಾಲ್ಕು ಪುಟದ ಆಚೆ, 1994ರ ಫೆಬ್ರವರಿ 25ರಂದು ಹೆಬ್ರಾನಿನ ಇಬ್ರಾಹೀಮಿ ಮಸೀದಿಯಲ್ಲಿ ರಂಜಾನಿನ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ ಬಾರೂಕ್ ಗೋಲ್ಡ್‌ಸ್ಟೀನನೂ ‘ಕಟ್ಟಾ ಯಹೂದಿ’ಯೇ. ಗೋಲ್ಡ್‌ಸ್ಟೀನ್ ಹರೇದಿಯಲ್ಲ. ಅರಬರನ್ನು ಹೊರಗಟ್ಟಬೇಕೆನ್ನುತ್ತಿದ್ದ ಮೀರ್ ಕಹಾನೆಯ ಕಾಕ್ ಪಕ್ಷದ ಅನುಯಾಯಿ. ಆ ಹತ್ಯಾಕಾಂಡದ ಬೆನ್ನಿಗೇ ಇಸ್ರೇಲ್ ಸರ್ಕಾರ ಆ ಪಕ್ಷವನ್ನು ನಿಷೇಧಿಸಿತು. ‘ಹರೇದಿ’ ಎಂದರೆ ದೇವರ ಮಾತಿಗೆ ನಡುಗುವವನು, ಬೈಬಲಿನ ಯೆಶಾಯನ ಪ್ರವಾದನೆಯಿಂದ ಬಂದ ಪದ. ನಮ್ಮ ‘ಭಯಭಕ್ತಿ’ ಎಂಬ ಜೋಡುಪದ ಇದಕ್ಕೆ ಎಷ್ಟು ಹತ್ತಿರ! ಕೆಲಸವೆಲ್ಲ ನಿಲ್ಲಿಸಬೇಕಾದ ವಾರದ ಪವಿತ್ರ ದಿನ ಸಬ್ಬತ್ತಿನಂದು ಕಾರು ಓಡಿಸಿದವರ ಮೇಲೆ ಕಲ್ಲು ಎಸೆದ ಹರೇದಿಗಳೂ ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಭಯಭಕ್ತಿಯವನಿಗೂ ಕೊಲೆಗಾರನಿಗೂ ಒಂದೇ ವಿಶೇಷಣ ಕೊಟ್ಟದ್ದು ಅನ್ಯಾಯ. ಅದರಲ್ಲೂ ‘ಕಟ್ಟಾ ಅಭಿಮಾನಿ’ ಎಂದು ನಾವು ಮೆಚ್ಚಿ ಹೇಳುವ ಪದ ಅದು.

ನಮ್ಮ ಪದಗಳೆಲ್ಲ ನಂಬಿಕೆಯ ಕಾವನ್ನು ಅಳೆಯುತ್ತಿವೆ ಎಂಬುದೇ ನನ್ನ ದೂರು. ಕಾವು ಹೆಚ್ಚಾದರೆ ತೀವ್ರ, ಕಟ್ಟಾ, ಮೂಲಭೂತ. ಕಡಿಮೆಯಾದರೆ ಮಂದ, ಸೌಮ್ಯ. ಆ ಪರಂಪರೆಗಳ ಒಳಗಿನ ಹಳೆಯ ಪದಗಳು ಹಾಗೆ ಅಳೆಯುವುದಿಲ್ಲ. ರೋಮನ್ನರು ಜೆರುಸಲೇಮನ್ನು ಮುತ್ತಿದ್ದಾಗ, ರಾಜಿ ಬೇಡವೆಂದು ಊರಿನ ಗೋಧಿ–ಜವೆಗೋಧಿಯ ಕಣಜಗಳಿಗೆ ತಾವೇ ಬೆಂಕಿ ಇಟ್ಟು ಜನರನ್ನು ಹಸಿವಿಗೆ ತಳ್ಳಿದವರ ಕಥೆ ಯಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮೂದಿನಲ್ಲಿದೆ. ಅವರನ್ನು ಅದು ‘ಬಿರ್ಯೋನಿಂ’ ಎನ್ನುತ್ತದೆ, ಸರಿಸುಮಾರು ನಮ್ಮ ‘ಪುಂಡರು’. ಧರ್ಮನಿಷ್ಠೆಯ ಸುಳಿವೇ ಇಲ್ಲದ ಪದ. ಕ್ರಿ.ಶ. 657ರ ಸಿಫ್ಫೀನ್ ಯುದ್ಧದ ತರುವಾಯ ನಾಲ್ಕನೆಯ ಖಲೀಫರಾದ ಅಲಿಯವರ ಪಾಳಯ ಬಿಟ್ಟು ಹೋಗಿ, ತಮ್ಮನ್ನು ಒಪ್ಪದ ಮುಸ್ಲಿಮರನ್ನೇ ಕೊಲ್ಲತೊಡಗಿದವರಿಗೆ ‘ಖವಾರಿಜ್’ ಎಂಬ ಹೆಸರು, ಹಾಗೆಂದರೆ ಹೊರಬಿದ್ದವರು. 661ರಲ್ಲಿ ಅಲಿಯವರನ್ನು ಕೊಂದವನೂ ಅವರಲ್ಲೊಬ್ಬ. ಇಂಥವರ ನಮಾಜಿನ ಮುಂದೆ ನಿಮ್ಮ ನಮಾಜು ನಿಮಗೇ ಅಲ್ಪವೆನಿಸೀತು, ಆದರೂ ಬೇಟೆಯನ್ನು ತೂರಿ ಆಚೆ ಹೋದ ಬಾಣದಂತೆ ಅವರು ಧರ್ಮದಿಂದ ಹೊರಹೋಗಿರುತ್ತಾರೆ ಎಂಬ ಅರ್ಥದ ಹದೀಸ್, ಅಂದರೆ ಪ್ರವಾದಿಯವರದೆನ್ನಲಾದ ನುಡಿ, ಇದೆ. ಎಷ್ಟು ಖಚಿತವಾದ ಚಿತ್ರ! ಬಾಣದ ವೇಗದಲ್ಲಿ ಕೊರತೆಯಿಲ್ಲ, ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ.

ಕುರ್‌ಆನಿನ ನಾಲ್ಕನೆಯ ಅಧ್ಯಾಯದ 171ನೆಯ ವಚನದಲ್ಲಿ ಗ್ರಂಥದವರಿಗೆ (ಯಹೂದಿ, ಕ್ರೈಸ್ತರಿಗೆ) ಹೇಳಿದ, ಧರ್ಮದಲ್ಲಿ ಮಿತಿ ಮೀರಬೇಡಿ ಎಂಬ ಮಾತಿದೆ. ಅಲ್ಲಿನ ಧಾತುವಿನಿಂದಲೇ ‘ಗುಲುವ್’, ಅತಿರೇಕಕ್ಕೆ ಮುಸ್ಲಿಂ ವಿದ್ವಾಂಸರು ಇಂದಿಗೂ ಬಳಸುವ ಪದ. ಮೀರಬಾರದ ಎಲ್ಲೆಗೆ ಅರಬಿಯಲ್ಲಿ ‘ಹದ್ದ್’, ಬಹುವಚನ ‘ಹುದೂದ್’. ಇದು ಕನ್ನಡಕ್ಕೆ ಎಂದೋ ಬಂದಿದೆ: ಸರಹದ್ದು, ಜಮೀನಿನ ಹದ್ದುಬಸ್ತು. (ಆಕಾಶದ ಹದ್ದು ಬೇರೆ.) ‘ಅವನು ಹದ್ದು ಮೀರಿದ’ ಎಂದು ಹಳ್ಳಿಯ ಅಜ್ಜಿಯೂ ಹೇಳುತ್ತಾಳೆ. ಹಾಗಾಗಿ ಎಕ್ಸ್‌ಟ್ರೀಮಿಸ್ಟಿಗೆ ‘ಹದ್ದು ಮೀರಿದವರು’, ‘ಮತದಲ್ಲಿ ಮಿತಿಮೀರಿದವರು’ ಎಂದೇ ಬರೆಯತೊಡಗಿದ್ದೇನೆ. ಉದ್ದವಾಯಿತು, ಪರವಾಗಿಲ್ಲ. ‘ಮತಾಂಧ’ವನ್ನು ಬಿಟ್ಟಿದ್ದೇನೆ. ಕಣ್ಣಿಲ್ಲದವರನ್ನು ಅದರೊಳಗೆ ಎಳೆಯುವುದು ಇಷ್ಟವಿಲ್ಲ.

ಉಳಿದದ್ದು ‘ಮಾಡರೇಟ್’. ಕುರ್‌ಆನಿನ ಎರಡನೆಯ ಅಧ್ಯಾಯದ 143ನೆಯ ವಚನ ಮುಸ್ಲಿಮರನ್ನು ‘ಉಮ್ಮತನ್ ವಸತನ್’ ಎನ್ನುತ್ತದೆ. ‘ವಸತ್’ ಎಂದರೆ ನಡು. ‘ಮಧ್ಯಮ ಸಮುದಾಯ’ ಎಂದು ಬರೆದರೆ ಅಕ್ಷರಕ್ಕೆ ಸರಿ, ಆದರೆ ಕನ್ನಡದ ಏಣಿಯಲ್ಲಿ ಉತ್ತಮ ಮೇಲಿದೆ, ಮಧ್ಯಮ ಅದರ ಕೆಳಗೆ. ಹಳೆಯ ವ್ಯಾಖ್ಯಾನಕಾರರು ಅಲ್ಲಿ ‘ವಸತ್’ಗೆ ಕೊಟ್ಟ ಅರ್ಥ ನ್ಯಾಯವಂತ, ಶ್ರೇಷ್ಠ ಎಂದು. ಯಹೂದಿ ಚಿಂತಕ ಮೈಮೊನಿಡೀಸ್ ಕೂಡ ಗುಣಗಳ ನಡುದಾರಿಯನ್ನೇ ವಿವೇಕಿಯ ದಾರಿ ಎಂದರು. ಇಬ್ಬರಿಗೂ ನಡು ಎಂದರೆ ಅರೆಮನಸ್ಸಲ್ಲ. ಬೆಲ್ಲದ ಪಾಕಕ್ಕೂ ಬಿತ್ತುವ ಮಣ್ಣಿಗೂ ನಾವು ಹೇಳುವ ‘ಹದ’ ಇದಕ್ಕೆ ಒಗ್ಗುತ್ತದೆ, ಹದವೇ ಅಲ್ಲಿ ಉತ್ತಮ. ‘ಹದವರಿತ ಧಾರ್ಮಿಕರು’ ಎಂದು ಒಂದು ಕಡೆ ಬರೆದಿದ್ದೇನೆ. ನಾಮಪದವಾಗಿ, ಒಂದೇ ಪದದಲ್ಲಿ, ಇನ್ನೂ ಸಿಕ್ಕಿಲ್ಲ. ‘ಮಿತವಾದಿ’ ಒಣಗಿದಂತೆ ಕೇಳಿಸುತ್ತದೆ.

ಬ್ಯಾರಿ, ನವಾಯತಿ, ದಖನಿ ಮನೆಮಾತಿನವರಲ್ಲಿ, ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ನನ್ನ ಪ್ರಶ್ನೆ ಇದು: ಭಕ್ತಿ ತುಂಬಿದ್ದೂ ಯಾರ ಮೇಲೂ ಹೇರದ ಹಿರಿಯರೊಬ್ಬರನ್ನು ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತೀರಿ?