ಸಂಧಿವಾತಕ್ಕೆ ರೀಶಿ ಅಣಬೆ ಪುಡಿ ಕೊಡಬಹುದಾ?

ಪ್ರಶ್ನೆ (ತಿಪಟೂರು): ನಮಸ್ತೆ ಮೇಡಂ. ಅಮ್ಮನಿಗೆ 58 ವರ್ಷ, ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ, ಸೌಟು ಹಿಡಿಯುವುದೂ ಕಷ್ಟ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ಇದೆ. ಪರಿಚಯದವರೊಬ್ಬರು ರೀಶಿ ಅಣಬೆ ಪುಡಿ ಕೊಟ್ಟು, ಇದು ಶುರು ಮಾಡಿದರೆ ಮಾತ್ರೆ ಬಿಡಬಹುದು ಅಂದರು. ಡಬ್ಬದ ಮೇಲಿನ ಚಿತ್ರ ನಮ್ಮ ತೋಟದಲ್ಲಿ ಅಣಬೆ ರೋಗ ಬಂದ ತೆಂಗಿನ ಬುಡದಲ್ಲಿ ಏಳುತ್ತಲ್ಲ, ಆ ಕೆಂಪು ಅಣಬೆ ಥರಾನೇ ಇದೆ. ಅದನ್ನೇ ಒಣಗಿಸಿ ಕಷಾಯ ಮಾಡಿ ಕೊಡಬಹುದಾ?

ಉತ್ತರ (ಕೀಲುರೋಗ ತಜ್ಞೆ): ತೋಟದ್ದು ದಯವಿಟ್ಟು ಬೇಡ. ನೀವು ಗುರುತು ಹಿಡಿದಿದ್ದು ಸರಿ, ಎರಡೂ ಗ್ಯಾನೋಡರ್ಮಾ ಗುಂಪಿನವೇ. ಆದರೆ ಆ ಗುಂಪಿನಲ್ಲಿ ಬೇಕಾದಷ್ಟು ಜಾತಿಗಳಿವೆ, ಬರೀ ಕಣ್ಣಲ್ಲಿ ನೋಡಿ ಬೇರೆ ಮಾಡುವುದು ತಿಳಿದವರಿಗೂ ಕಷ್ಟ. ಮೇಲಾಗಿ ರೋಗದ ಮರಕ್ಕೆ ಬೇರಿನಲ್ಲಿ ಹೆಕ್ಸಾಕೊನಜೋಲ್ ಎಂಬ ಶಿಲೀಂಧ್ರನಾಶಕ ಕೊಡುತ್ತಾರೆ, ಬುಡಕ್ಕೆ ಬೋರ್ಡೋ ದ್ರಾವಣ ಸುರಿಯುತ್ತಾರೆ. ಅಲ್ಲಿಂದ ಕಿತ್ತಿದ್ದು ಅಮ್ಮನ ಲೋಟಕ್ಕೆ ಬರಬಾರದು.

ಇನ್ನು ಪುಡಿ. ರೀಶಿಯಲ್ಲಿ ಬೀಟಾ ಗ್ಲೂಕನ್‌ಗಳು, ಕಹಿ ಕೊಡುವ ಟ್ರೈಟರ್ಪೀನ್‌ಗಳು ಇವೆ. ಲ್ಯಾಬಿನಲ್ಲಿ ಈ ಟ್ರೈಟರ್ಪೀನ್‌ಗಳು ಉರಿಯೂತ ಎಬ್ಬಿಸುವ ಟಿಎನ್‌ಎಫ್‌ನಂಥ ವಸ್ತುಗಳನ್ನು ತಗ್ಗಿಸಿವೆ. ಕಾರ್ಡಿಸೆಪ್ಸ್ ಎಂಬ ಇನ್ನೊಂದು ಅಣಬೆಯಲ್ಲಿರುವ ಕಾರ್ಡಿಸೆಪಿನ್ ಎಂಬ ವಸ್ತು ಇಲಿಗಳ ಕೀಲುನೋವು ಕಡಿಮೆ ಮಾಡಿದೆ. ಆದರೆ ಮನುಷ್ಯರ ದೇಹದಲ್ಲಿ ಒಂದು ಕಿಣ್ವ ಅದನ್ನು ಬೇಗ ಒಡೆದುಹಾಕುತ್ತದೆ.

ರೋಗಿಗಳ ಮೇಲೇ ಮಾಡಿದ್ದು ಅಂದರೆ 2007ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಪರೀಕ್ಷೆ. ಸಂಧಿವಾತದ 65 ಜನ, 24 ವಾರ. ಅರ್ಧ ಜನಕ್ಕೆ ರೀಶಿ ಮತ್ತು ಒಂದು ಚೀನೀ ಗಿಡಮೂಲಿಕೆ ಮಿಶ್ರಣ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಮಾನದಂಡದ ಪ್ರಕಾರ ಸುಧಾರಿಸಿದವರು ರೀಶಿ ಗುಂಪಿನಲ್ಲಿ 32ರಲ್ಲಿ 5, ಹುಸಿ ಮಾತ್ರೆಯವರಲ್ಲಿ 33ರಲ್ಲಿ 3. ಇಷ್ಟು ವ್ಯತ್ಯಾಸ ಸುಮ್ನೆ ಹಾಗೇ ಬರಬಹುದು. ರೀಶಿ ಗುಂಪಿನಲ್ಲಿ ನೋವು ಸ್ವಲ್ಪ ಇಳಿಯಿತು, ಉರಿಯೂತ ಇಳಿದ ಗುರುತು ಸಿಗಲಿಲ್ಲ. ನನಗೆ ಭಯ ಇರುವುದು ಇಲ್ಲೇ. ನೋವು ತಗ್ಗಿದರೂ ಒಳಗೆ ಮೂಳೆ ಸವೆಯುತ್ತಲೇ ಇರಬಹುದು. ಸವೆದದ್ದು ವಾಪಸ್ ಬರಲ್ಲ.

ಪ್ರಶ್ನೆ (ಮಧುಗಿರಿ): ಮಾತ್ರೆ ಜೊತೆಗೇ ತಗೊಂಡರೆ? ನೈಸರ್ಗಿಕ ಅಲ್ವಾ ಮೇಡಂ?

ಉತ್ತರ: ಮೆಥೊಟ್ರೆಕ್ಸೇಟ್ ಲಿವರ್‌ಗೆ ಭಾರ, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತೇವೆ. ರೀಶಿ ಪುಡಿಯಿಂದಲೂ ಲಿವರ್ ಕೆಟ್ಟ ವರದಿಗಳಿವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯವೂ ಜಾಸ್ತಿ ಆಗಬಹುದು. ಶಿಲೀಂಧ್ರದಿಂದ ಬಂದ ಔಷಧಿಯನ್ನು ನಾವೂ ಬಳಸುತ್ತೇವೆ. ಸೈಕ್ಲೊಸ್ಪೊರಿನ್ ಸಿಕ್ಕಿದ್ದು ಮಣ್ಣಿನ ಶಿಲೀಂಧ್ರದಿಂದ, ಅದು ಕಾರ್ಡಿಸೆಪ್ಸ್‌ನ ನೆಂಟನೇ. ಆದರೆ ಅದನ್ನು ಶುದ್ಧ ಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ, ಬಿಪಿ ಮತ್ತು ಕಿಡ್ನಿ ನೋಡಿಕೊಂಡು ಕೊಡುತ್ತೇವೆ. ಪುಡಿಯ ಒಂದು ಚಮಚದಲ್ಲಿ ಯಾವುದು ಎಷ್ಟಿದೆ ಅಂತ ಯಾರು ಅಳೆದಿದ್ದಾರೆ?

ಪ್ರಶ್ನೆ (ತಿಪಟೂರು): ಈಗ ಕೇಳಿದೆ, ಅಮ್ಮ ಆಗಲೇ ಪುಡಿ ಶುರು ಮಾಡಿ, ಎರಡು ವಾರದಿಂದ ಮಾತ್ರೆ ಬಿಟ್ಟಿದ್ದಾರಂತೆ. ಆ ಎರಡೂ ವಾರದ್ದನ್ನು ಒಟ್ಟಿಗೆ ಕೊಡಲಾ?

ಉತ್ತರ: ಬೇಡ, ಬೇಡ. ತಪ್ಪಿದ್ದನ್ನು ಸೇರಿಸಿ ಕೊಡಬೇಡಿ. ದಿನಾ ಕೊಡುವುದಂತೂ ಜೀವಕ್ಕೇ ಅಪಾಯ, ಇದು ವಾರಕ್ಕೊಂದೇ ದಿನದ ಮಾತ್ರೆ. ಪುಡಿ ಇವತ್ತೇ ನಿಲ್ಲಿಸಿ. ಮಾತ್ರೆ ಬರೆದ ಡಾಕ್ಟರಿಗೆ ನಾಳೆ ಬೆಳಿಗ್ಗೆ ಫೋನ್ ಮಾಡಿ, ಲಿವರ್ ಪರೀಕ್ಷೆ ಮಾಡಿಸಿ ಯಾವಾಗಿಂದ ಶುರು ಮಾಡಬೇಕು ಅಂತ ಕೇಳಿ. ಹೋಗುವಾಗ ಪುಡಿಯ ಡಬ್ಬವನ್ನೂ ತೋರಿಸಿ. ಅಮ್ಮನಿಗೆ ಬೈಯಬೇಡಿ, ಎಷ್ಟು ದಿನ ತಿಂದರು ಅನ್ನುವುದನ್ನು ಅವರೇ ಹೇಳಲಿ.